ಪಿ0171: ಗಾಳಿ ಜಾಸ್ತಿಯೋ, ಪೆಟ್ರೋಲ್ ಕಮ್ಮಿಯೋ?

ಹೆಬ್ಬಾಳ ಫ್ಲೈಓವರ್ ಮೇಲೆ ಬೆಳಗ್ಗೆ ಒಂಬತ್ತೂವರೆ, ಗಾಡಿ ಮುಂದಕ್ಕೂ ಹೋಗಲ್ಲ ಹಿಂದಕ್ಕೂ ಹೋಗಲ್ಲ, ಅಂಥ ಟೈಮಲ್ಲಿ ನನ್ನ ಕಾರಿನ ಮೀಟರಲ್ಲಿ ಹಳದಿ ಇಂಜಿನ್ ಲೈಟ್ ಹತ್ಕೊಳ್ತು. ಒಂದು ವಾರದಿಂದನೇ ಸಿಗ್ನಲ್‌ನಲ್ಲಿ ನಿಂತಾಗ ಇಂಜಿನ್ ಒಂಥರಾ ಏದುಸಿರು ಬಿಡ್ತಿತ್ತು, ಆರ್‌ಪಿಎಂ ಮುಳ್ಳು 650ಕ್ಕೆ ಇಳಿಯೋದು, ಗಾಬರಿಯಾಗಿ 900ಕ್ಕೆ ಹತ್ತೋದು, ಮತ್ತೆ ಇಳಿಯೋದು, ನಾನು ಎಸಿ ಲೋಡ್ ಇರ್ಬೇಕು ಅಂದ್ಕೊಂಡು ಸುಮ್ನಿದ್ದೆ. ಹತ್ತಿರದ ಒಂದು ಗ್ಯಾರೇಜಿಗೆ ತಗೊಂಡ್ ಹೋದೆ, ಸ್ಕ್ಯಾನರ್ ಚುಚ್ಚಿದ್ರು, ಪಿ0171 ಅಂತ ಬಂತು, "ಸಾರ್ ಓ2 ಸೆನ್ಸಾರ್ ಹೋಗಿದೆ" ಅಂದ್ರು, ಬದಲಿಸಿದ್ರು, ಆರು ಸಾವಿರ ಚಿಲ್ಲರೆ ಬಿಲ್ಲು. ನಾಲ್ಕನೇ ದಿನ ಅದೇ ಲೈಟು, ಅದೇ ಕೋಡು.

ಆಮೇಲೆ ಎಸ್‌ಪಿ ರೋಡಿಗೆ ಹೋಗಿ ಒಂದು ಬ್ಲೂಟೂತ್ ಓಬಿಡಿ ಅಡಾಪ್ಟರ್ (ಕಾರಿನ ಕಂಪ್ಯೂಟರ್ ಹೇಳೋದನ್ನ ಮೊಬೈಲಿಗೆ ಕಳಿಸೋ ಸಣ್ಣ ಡಬ್ಬಿ) ತಂದು, ಮೊಬೈಲಲ್ಲಿ ಆಪ್ ಹಾಕ್ಕೊಂಡು, ನಾನೇ ಒಂದು ಭಾನುವಾರ ಕೂತೆ. ಆವತ್ತು ಅರ್ಥ ಆಗಿದ್ದು ಏನಂದ್ರೆ ಈ ಕೋಡು ಯಾವ ಪಾರ್ಟ್ ಕೆಟ್ಟಿದೆ ಅಂತ ಹೇಳೋದೇ ಇಲ್ಲ. ಪಿ0171 ಅಂದ್ರೆ "ಸಿಸ್ಟಮ್ ಟೂ ಲೀನ್, ಬ್ಯಾಂಕ್ 1", ಅಷ್ಟೇ. (ವಿ6 ತರ ಎರಡು ಸಾಲು ಸಿಲಿಂಡರ್ ಇರೋ ಇಂಜಿನಲ್ಲಿ ಎರಡನೇ ಸಾಲಿಗೆ ಪಿ0174 ಬರುತ್ತೆ, ನಮ್ಮ ಮೂರು-ನಾಲ್ಕು ಸಿಲಿಂಡರ್ ಗಾಡಿಗಳಿಗೆ ಒಂದೇ ಬ್ಯಾಂಕು.) ಇಂಜಿನ್ ಕಂಪ್ಯೂಟರ್, ಅಂದ್ರೆ ಈಸಿಯು, "ನಾನು ಪೆಟ್ರೋಲ್ ಜಾಸ್ತಿ ಮಾಡಿ ಮಾಡಿ ಸಾಕಾಯ್ತು, ಇನ್ನೂ ಸಾಲ್ತಿಲ್ಲ" ಅಂತ ಕೈಚೆಲ್ಲಿದ ಗಳಿಗೆ ಅದು.

ಮೊದಲು ಲೀನ್ ಅಂದ್ರೇನು ನೋಡೋಣ. ಒಂದು ಕೆಜಿ ಪೆಟ್ರೋಲ್ ಪೂರ್ತಿ ಉರೀಬೇಕು ಅಂದ್ರೆ ಸುಮಾರು 14.7 ಕೆಜಿ ಗಾಳಿ ಬೇಕು. ಗಾಳಿನ ಕೆಜಿ ಲೆಕ್ಕದಲ್ಲಿ ಹೇಳಿದ್ರೆ ತಲೆಗೆ ಹೋಗಲ್ಲ ಅಲ್ವಾ, ನನಗೂ ಹೋಗಿರಲಿಲ್ಲ. ಲೀಟರಿಗೆ ತಿರುಗಿಸಿ ನೋಡಿದ್ರೆ ನಮ್ಮ ಬೆಂಗಳೂರಿನ ಗಾಳಿಲಿ ಒಂದು ಲೀಟರ್ ಪೆಟ್ರೋಲಿಗೆ ಹತ್ರತ್ರ ಹತ್ತು ಸಾವಿರ ಲೀಟರ್ ಗಾಳಿ ಬೇಕಾಗುತ್ತೆ, ಮನೆ ಟೆರೇಸ್ ಮೇಲೆ ಇರುತ್ತಲ್ಲ ಸಾವಿರ ಲೀಟರಿನ ಕಪ್ಪು ನೀರಿನ ಟ್ಯಾಂಕು, ಅಂಥವು ಹತ್ತು. ಈ ಲೆಕ್ಕಕ್ಕಿಂತ ಗಾಳಿ ಜಾಸ್ತಿ ಆದ್ರೆ ಲೀನ್, ಪೆಟ್ರೋಲ್ ಜಾಸ್ತಿ ಆದ್ರೆ ರಿಚ್. ಅಷ್ಟೊಂದು ಗಾಳಿ ಒಳಗೆ ಹೋಗ್ತಿರೋವಾಗ ಎಲ್ಲೋ ಒಂದು ಪೈಪಲ್ಲಿ ಉಗುರಷ್ಟು ಸೀಳು ಬಿಟ್ರೆ ಏನಾಗುತ್ತಪ್ಪ ಅಂತ ಅನ್ಸುತ್ತೆ. ಆಗುತ್ತೆ, ಅದೂ ಐಡಲ್‌ನಲ್ಲಿ, ಅಂದ್ರೆ ಆಕ್ಸಿಲರೇಟರ್ ಮುಟ್ಟದೆ ಇಂಜಿನ್ ಸುಮ್ನೆ ಓಡ್ತಿರೋವಾಗ, ಚೆನ್ನಾಗೇ ಆಗುತ್ತೆ, ಅದಕ್ಕೆ ಬರ್ತೀನಿ.

ಈಸಿಯು ಕೆಲಸ ಮಾಡೋ ರೀತಿ ಮನೇಲಿ ಸಾರು ಮಾಡೋರ ತರಾನೇ. ನೀರು ಎಷ್ಟು ಹಾಕಿದೀವಿ ಅಂತ ಒಂದು ಅಂದಾಜು, ಅದರ ಮೇಲೆ ಉಪ್ಪು, ಆಮೇಲೆ ಅಂಗೈಗೆ ಒಂದು ಹನಿ ಹಾಕ್ಕೊಂಡು ನಾಲಿಗೆಗೆ ಮುಟ್ಟಿಸಿ ನೋಡಿ ಸಪ್ಪೆ ಆಗಿದ್ರೆ ಇನ್ನೊಂದು ಚಿಟಿಕೆ. ಇಲ್ಲಿ ನೀರು ಅಂದ್ರೆ ಗಾಳಿ, ಉಪ್ಪು ಅಂದ್ರೆ ಪೆಟ್ರೋಲ್, ನಾಲಿಗೆ ಅಂದ್ರೆ ಸೈಲೆನ್ಸರ್ ಪೈಪಿನ ಶುರುವಲ್ಲೇ ಕೂತಿರೋ ಓ2 ಸೆನ್ಸಾರ್. ಈಗ ಸಾರು ಎಷ್ಟು ಉಪ್ಪು ಹಾಕಿದ್ರೂ ಸಪ್ಪೆನೇ ಅನ್ಸ್ತಿದೆ ಅಂತಿಟ್ಕೊಳ್ಳಿ. ಯಾರೋ ಹೇಳ್ದೆ ಕೇಳ್ದೆ ಪಕ್ಕದಿಂದ ನೀರು ಸುರೀತಿರಬಹುದು, ನೀರು ಅಳೆದ ಲೋಟನೇ ತಪ್ಪಿರಬಹುದು, ಉಪ್ಪಿನ ಡಬ್ಬಿ ತೂತು ಕಟ್ಕೊಂಡು ಸರಿಯಾಗಿ ಬೀಳ್ದೆ ಇರಬಹುದು, ನಾಲಿಗೆ ಕೆಟ್ಟಿರಬಹುದು. ಆ ಗ್ಯಾರೇಜಿನೋರು ಸೀದಾ ನಾಲಿಗೆ ಕಿತ್ತು ಬೇರೆ ಹಾಕಿದ್ರು. ಸಪ್ಪೆ ಇದ್ರೆ ಸಪ್ಪೆ ಅಂತ ಹೇಳೋ ನಾಲಿಗೆ ಅದು, ಸರಿಯಾಗೇ ಹೇಳ್ತಿತ್ತು ಪಾಪ.

ಇನ್ನೊಂದು ಸೂಕ್ಷ್ಮ ಇದೆ. ಓ2 ಸೆನ್ಸಾರಿಗೆ ಪೆಟ್ರೋಲ್ ಕಾಣಲ್ಲ. ಹೊಗೆಯಲ್ಲಿ ಉಳಿದ ಆಮ್ಲಜನಕ ಅಷ್ಟೇ ಅದಕ್ಕೆ ಗೊತ್ತು. ಹಳೇ ಮಾದರಿ ಸೆನ್ಸಾರಾದ್ರೆ 0.1ರಿಂದ 0.9 ವೋಲ್ಟ್ ಒಳಗೆ ಮೇಲೆ ಕೆಳಗೆ ಆಡ್ತಾ ಇರುತ್ತೆ, 0.45ಕ್ಕಿಂತ ಕೆಳಗೆ ಅಂದ್ರೆ ಲೀನ್, ಮೇಲೆ ಅಂದ್ರೆ ರಿಚ್. ಹಂಗಾಗಿ ಒಂದು ಸಿಲಿಂಡರಲ್ಲಿ ಪ್ಲಗ್ ಸರಿಯಾಗಿ ಕಿಡಿ ಕೊಡದೆ ಮಿಸ್‌ಫೈರ್ ಆದ್ರೆ, ಪೆಟ್ರೋಲ್ ಉರೀದೇ ಹಂಗೇ ಹೊರಗೆ ಹೋಗುತ್ತೆ, ಜೊತೆಗೆ ಉಪಯೋಗ ಆಗದ ಆಮ್ಲಜನಕಾನೂ ಹೋಗುತ್ತೆ, ಸೆನ್ಸಾರ್ ಅದನ್ನ ನೋಡಿ "ಲೀನ್" ಅನ್ನುತ್ತೆ. ಪೆಟ್ರೋಲ್ ವಾಸನೆ ಮೂಗಿಗೆ ಹೊಡೀತಿರುತ್ತೆ, ಸ್ಕ್ಯಾನರ್ ಲೀನ್ ಅಂತ ತೋರಿಸ್ತಿರುತ್ತೆ. ಸಿಲಿಂಡರುಗಳ ಹೊಗೆ ಬಂದು ಸೇರೋ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಹತ್ರ, ಸೆನ್ಸಾರಿಗಿಂತ ಮುಂಚೆ, ಸಣ್ಣ ಬಿರುಕು ಇದ್ರೂ ಅಷ್ಟೇ, ಹೊರಗಿನ ಗಾಳಿ ಒಳಗೆ ಎಳ್ಕೊಂಡು ಸುಳ್ಳು ಲೀನ್ ತೋರಿಸುತ್ತೆ. ತಣ್ಣಗಿರೋ ಇಂಜಿನ್ ಸ್ಟಾರ್ಟ್ ಮಾಡಿದ ತಕ್ಷಣ ಮುಂದೆ ಎಲ್ಲೋ ಟಿಕ್ ಟಿಕ್ ಟಿಕ್ ಅಂತ ಸದ್ದು ಬಂದು ಬಿಸಿ ಆದ್ಮೇಲೆ ನಿಂತೋಗ್ತಿದ್ರೆ ಆ ಕಡೆ ಒಂದ್ಸಲ ನೋಡಿ. ಮಿಸ್‌ಫೈರ್ ಕೋಡ್, ಅಂದ್ರೆ ಪಿ0300ರಿಂದ ಮುಂದಿನವು ಜೊತೆಗೆ ಇದ್ರೆ ಮೊದಲು ಅದನ್ನ ನೋಡ್ಕೊಳ್ಳಿ. ಲೈಟ್ ಬರೀ ಉರೀದೆ ಮಿಣುಕ್ತಾ ಇದ್ರೆ ಓಡಿಸ್ಬೇಡಿ, ಉರೀದೆ ಬಂದ ಪೆಟ್ರೋಲ್ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿದು ಅದನ್ನೇ ಕೆಡಿಸುತ್ತೆ, ಅದರ ಮುಂದೆ ಓ2 ಸೆನ್ಸಾರ್ ಬಿಲ್ಲು ಚಿಲ್ಲರೆ ಕಾಸು ಅನ್ಸಿಬಿಡುತ್ತೆ.

ಈಗ ನಂಬರಿಗೆ ಬರೋಣ, ಇಡೀ ವಿಷಯ ಇರೋದೇ ಇಲ್ಲಿ. 2013ರ ಏಪ್ರಿಲ್ ನಂತರ ತಯಾರಾದ ಪೆಟ್ರೋಲ್ ಕಾರಾದ್ರೆ ಸ್ಟೀರಿಂಗ್ ಕೆಳಗೆ ಓಬಿಡಿ-2 ಪೋರ್ಟ್ ಇದ್ದೇ ಇರುತ್ತೆ. ಆಪ್‌ನಲ್ಲಿ ಎರಡು ಸಾಲು ಹುಡುಕಿ, ಶಾರ್ಟ್ ಟರ್ಮ್ ಫ್ಯೂಯಲ್ ಟ್ರಿಮ್, ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್. ಶಾರ್ಟ್ ಅಂದ್ರೆ ಆ ಕ್ಷಣಕ್ಕೆ ಈಸಿಯು ಹಾಕ್ತಿರೋ ಚಿಟಿಕೆ ಉಪ್ಪು, ಕ್ಷಣಕ್ಷಣಕ್ಕೂ ಬದಲಾಗ್ತಿರುತ್ತೆ. ಲಾಂಗ್ ಅಂದ್ರೆ ದಿನಾ ಸಪ್ಪೆ ಆಗ್ತಿದೆ ಅಂತ ಅಭ್ಯಾಸ ಮಾಡ್ಕೊಂಡು ಮೊದಲೇ ಜಾಸ್ತಿ ಹಾಕೋದು. ಪ್ಲಸ್ ಅಂದ್ರೆ ಪೆಟ್ರೋಲ್ ಸೇರಿಸ್ತಿದೆ, ಮೈನಸ್ ಅಂದ್ರೆ ಕಡಿಮೆ ಮಾಡ್ತಿದೆ. ಎರಡೂ ಕೂಡಿಸಿ ನೋಡ್ಬೇಕು, ಒಂದನ್ನೇ ನೋಡಿದ್ರೆ ದಾರಿ ತಪ್ಪುತ್ತೆ. ಆರೋಗ್ಯವಾಗಿರೋ ಗಾಡಿಲಿ ಮೊತ್ತ ಪ್ಲಸ್ ಮೈನಸ್ 5 ಪರ್ಸೆಂಟ್ ಆಚೀಚೆ ಇರುತ್ತೆ, 10 ದಾಟಿದ್ರೆ ಏನೋ ಇದೆ, 20-25ರ ಹತ್ರ ಹೋದಾಗ ಸಾಮಾನ್ಯವಾಗಿ ಕೋಡ್ ಬೀಳುತ್ತೆ. ಅಂದ್ರೆ ಲೈಟ್ ಹತ್ತೋ ಮುಂಚೆ ವಾರಗಟ್ಟಲೆ ಈಸಿಯು ಒಬ್ಬನೇ ಒದ್ದಾಡಿರುತ್ತೆ, ಬಹಳಷ್ಟು ಗಾಡಿಲಿ ಸತತ ಎರಡು ಸಲ ಓಡಿಸಿದಾಗಲೂ ತಪ್ಪು ಕಂಡ್ರೇನೇ ಲೈಟ್ ಹತ್ತೋದು.

ಕೋಡ್ ಅಳಿಸೋ ಮುಂಚೆ ದಯವಿಟ್ಟು ಫ್ರೀಜ್ ಫ್ರೇಮ್ ಅಂತ ಇರುತ್ತೆ ಅದನ್ನ ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ. ಕೋಡ್ ಬಿದ್ದ ಗಳಿಗೆಯಲ್ಲಿ ಇಂಜಿನ್ ಏನ್ ಮಾಡ್ತಿತ್ತು ಅನ್ನೋ ಫೋಟೋ ಅದು. ನಂದು ಎರಡನೇ ಸಲ ಬಿದ್ದಾಗ ತೆಗೆದಿದ್ದೆ: ಆರ್‌ಪಿಎಂ 740, ಸ್ಪೀಡ್ ಸೊನ್ನೆ, ಕೂಲೆಂಟ್ 93 ಡಿಗ್ರಿ, ಲಾಂಗ್ ಟ್ರಿಮ್ ಪ್ಲಸ್ 19, ಶಾರ್ಟ್ ಪ್ಲಸ್ 7. ಸ್ಪೀಡ್ ಸೊನ್ನೆ ಅನ್ನೋದರಲ್ಲೇ ಅರ್ಧ ಉತ್ತರ ಇತ್ತು, ನನಗೆ ಆಗ ಹೊಳೀಲಿಲ್ಲ. ಗ್ಯಾರೇಜಿನಲ್ಲಿ ಮೊದಲ ಸಲ ಇದನ್ನ ಯಾರೂ ನೋಡ್ದೆ ಅಳಿಸಿಬಿಟ್ಟಿದ್ರು, ಅಳಿಸಿದ್ರೆ ಈ ಫೋಟೋನೂ ಹೋಗುತ್ತೆ ಕಲಿತ ಟ್ರಿಮ್ಮೂ ಸೊನ್ನೆಗೆ ಬರುತ್ತೆ, ಅದಕ್ಕೇ ಮೂರು ದಿನ ಎಲ್ಲಾ ಸರಿ ಹೋದಂಗೆ ಕಂಡಿದ್ದು.

ಮುಖ್ಯ ಟೆಸ್ಟ್ ತುಂಬಾ ಸುಲಭ. ಇಂಜಿನ್ ಪೂರ್ತಿ ಬಿಸಿ ಆಗ್ಲಿ, ಎಸಿ ಆಫ್, ನ್ಯೂಟ್ರಲ್, ಹ್ಯಾಂಡ್‌ಬ್ರೇಕ್. ಐಡಲ್‌ನಲ್ಲಿ ಎರಡೂ ಟ್ರಿಮ್ ಕೂಡಿಸಿ ಬರ್ಕೊಳ್ಳಿ. ಆಮೇಲೆ ಆಕ್ಸಿಲರೇಟರ್ ನಿಧಾನಕ್ಕೆ ಒತ್ತಿ 2500 ಆರ್‌ಪಿಎಂನಲ್ಲಿ ಒಂದು ಅರ್ಧ ನಿಮಿಷ ಹಿಡಿದಿಟ್ಟು ಮತ್ತೆ ಬರ್ಕೊಳ್ಳಿ. ನಂದು ಐಡಲ್‌ನಲ್ಲಿ ಪ್ಲಸ್ 25 ಇದ್ದಿದ್ದು 2500ರಲ್ಲಿ ಪ್ಲಸ್ 8ಕ್ಕೆ ಇಳೀತು.

ಯಾಕಪ್ಪಾ ಅಂದ್ರೆ, ಐಡಲ್‌ನಲ್ಲಿ ಇಂಜಿನ್ ಒಳಗೆ ಗಾಳಿ ಬಿಡೋ ಥ್ರಾಟಲ್ ಬಾಗಿಲು ಹೆಚ್ಚುಕಮ್ಮಿ ಮುಚ್ಚಿರುತ್ತೆ, ಆದ್ರೆ ಪಿಸ್ಟನ್‌ಗಳು ಎಳೀತಾನೇ ಇರ್ತವೆ, ಹಂಗಾಗಿ ಥ್ರಾಟಲ್ ಹಿಂದೆ, ಸಿಲಿಂಡರುಗಳಿಗೆ ಗಾಳಿ ಹಂಚೋ ಇಂಟೇಕ್ ಮ್ಯಾನಿಫೋಲ್ಡ್ ಒಳಗೆ ಜೋರು ವ್ಯಾಕ್ಯೂಮ್. ಆವಾಗ ಎಲ್ಲಿ ಸೀಳಿದ್ರೂ ಅಲ್ಲಿಂದ ಗಾಳಿ ನುಗ್ಗುತ್ತೆ. ಲೆಕ್ಕ ನೋಡಿ, ಸಣ್ಣ ಇಂಜಿನ್ ಐಡಲ್‌ನಲ್ಲಿ ಸೆಕೆಂಡಿಗೆ ಮೂರು ಗ್ರಾಂ ಗಾಳಿ ತಗೊಳ್ತಿದೆ ಅಂತಿಟ್ಕೊಳ್ಳಿ, ಸೀಳಿಂದ 0.6 ಗ್ರಾಂ ಕಳ್ಳದಾರಿಲಿ ಬಂದ್ರೆ ಅಳತೆಗಿಂತ 20 ಪರ್ಸೆಂಟ್ ಜಾಸ್ತಿ. ಅದೇ 2500ರಲ್ಲಿ ಹನ್ನೊಂದು ಗ್ರಾಂ ಹೋಗ್ತಿದ್ರೆ ಅದೇ 0.6 ಗ್ರಾಂ ಐದು ಪರ್ಸೆಂಟೂ ಚಿಲ್ಲರೆ ಆಯ್ತು, ಸಮುದ್ರಕ್ಕೆ ಹನಿ ಬಿದ್ದಂಗೆ. ಐಡಲ್‌ನಲ್ಲಿ ಕೆಟ್ಟದು, ಸ್ಪೀಡಲ್ಲಿ ಪರವಾಗಿಲ್ಲ ಅಂದ್ರೆ ವ್ಯಾಕ್ಯೂಮ್ ಲೀಕ್. ಬೆಂಗಳೂರಲ್ಲಿ ಓಡ್ಸೋರಿಗೆ ಇದು ಯಾಕೆ ಬೇಗ ತಗಲುತ್ತೆ ಅಂತ ಈಗ ಗೊತ್ತಾಯ್ತಲ್ಲ, ನಮ್ಮ ಇಂಜಿನ್ ಆಯಸ್ಸೆಲ್ಲಾ ಸಿಲ್ಕ್ ಬೋರ್ಡಲ್ಲಿ ಐಡಲ್ ಆಗೇ ಕಳೆಯುತ್ತೆ, ಅದೇ ಗಾಡಿ ಮೈಸೂರು ಹೈವೇಲಿ ಬೆಣ್ಣೆ ತರ ಹೋಗುತ್ತೆ, ಮನೆಗೆ ಬಂದು "ನೆನ್ನೆ ಚೆನ್ನಾಗಿತ್ತಲ್ಲ" ಅಂತ ತಲೆ ಕೆರ್ಕೊಳ್ತೀವಿ.

ಒಂದು ಎಚ್ಚರಿಕೆ, ಈ ಲೆಕ್ಕ ನೇರವಾಗಿ ಅನ್ವಯ ಆಗೋದು ಗಾಳಿ ಅಳೆಯೋಕೆ ಮಾಫ್ ಸೆನ್ಸಾರ್ ಇರೋ ಗಾಡಿಗೆ, ಅದು ಏರ್ ಫಿಲ್ಟರ್ ಆದ ತಕ್ಷಣ ಪೈಪಲ್ಲಿ ಕೂತಿರುತ್ತೆ, ಅದರ ಹಿಂದೆ ನುಗ್ಗಿದ ಗಾಳಿ ಅದಕ್ಕೆ ಗೊತ್ತೇ ಆಗಲ್ಲ. ನಮ್ಮಲ್ಲಿ ಎಷ್ಟೋ ಸಣ್ಣ ಕಾರುಗಳಲ್ಲಿ ಮಾಫ್ ಇರಲ್ಲ, ಮ್ಯಾನಿಫೋಲ್ಡ್ ಒತ್ತಡ ಅಳೆಯೋ ಮ್ಯಾಪ್ ಸೆನ್ಸಾರ್ ಮಾತ್ರ ಇರುತ್ತೆ. ಅಂಥದ್ರಲ್ಲಿ ಲೀಕ್ ಆದ್ರೆ ಒತ್ತಡ ಏರುತ್ತೆ, ಮ್ಯಾಪ್ ಅದನ್ನ ನೋಡುತ್ತೆ, ಈಸಿಯು ಪೆಟ್ರೋಲೂ ಜಾಸ್ತಿ ಕೊಡುತ್ತೆ, ಪರಿಣಾಮ ಐಡಲ್ ಮೇಲೆ ಹತ್ತುತ್ತೆ, ಟ್ರಿಮ್ ಅಷ್ಟಾಗಿ ಕೆಡದೆನೂ ಇರಬಹುದು. ಮ್ಯಾಪ್ ಗಾಡಿಲಿ ಲೀನ್ ಕೋಡ್ ಬಂದ್ರೆ ನಾನಾದ್ರೆ ಪೆಟ್ರೋಲ್ ಕಡೆ ಮತ್ತು ಎಕ್ಸಾಸ್ಟ್ ಕಡೆ ಮೊದಲು ಅನುಮಾನ ಪಡ್ತೀನಿ. ನಿಮ್ಮ ಗಾಡಿಲಿ ಯಾವುದಿದೆ ಅಂತ ಗೊತ್ತಿಲ್ದೆ ಇದ್ರೆ ಆಪ್‌ನಲ್ಲಿ ಮಾಫ್ ಗ್ರಾಂ ಪರ್ ಸೆಕೆಂಡ್ ಅನ್ನೋ ಸಾಲು ಬರುತ್ತಾ ನೋಡಿ, ಆದ್ರೆ ಮಾಫ್ ಇಲ್ದೆ ಇರೋ ಗಾಡಿಗೂ ಕೆಲವು ಆಪ್ ತಾವೇ ಲೆಕ್ಕ ಹಾಕಿ ತೋರಿಸ್ತವೆ, ಬಾನೆಟ್ ಎತ್ತಿ ಫಿಲ್ಟರ್ ಪೈಪಲ್ಲಿ ವೈರ್ ಚುಚ್ಚಿದ ಸೆನ್ಸಾರ್ ಇದೆಯಾ ನೋಡೋದು ವಾಸಿ.

ಲೀಕ್ ಹುಡುಕೋದು ಅರ್ಧ ಕಿವಿ ಕೆಲಸ ಅರ್ಧ ಕೈ ಕೆಲಸ. ಫಿಲ್ಟರ್ ಬಾಕ್ಸಿಂದ ಥ್ರಾಟಲ್‌ವರೆಗಿನ ಸುಕ್ಕುಸುಕ್ಕು ರಬ್ಬರ್ ಪೈಪು, ಬ್ರೇಕ್ ಬೂಸ್ಟರ್ ಪೈಪು, ಇಂಜಿನ್ ಒಳಗಿನ ಎಣ್ಣೆ ಹಬೆನ ಮತ್ತೆ ಇಂಟೇಕಿಗೆ ತರೋ ಪಿಸಿವಿ ಪೈಪು, ಟ್ಯಾಂಕಿನ ಪೆಟ್ರೋಲ್ ಆವಿನ ಇಂಜಿನಿಗೆ ಬಿಡೋ ಕ್ಯಾನಿಸ್ಟರ್ ಪರ್ಜ್ ವಾಲ್ವ್, ಇಂಟೇಕ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಪೆಟ್ರೋಲ್ ಚಿಮ್ಮಿಸೋ ಇಂಜೆಕ್ಟರ್ ಬುಡದ ರಬ್ಬರ್ ರಿಂಗು, ಕೊನೆಗೆ ಸರಿಯಾಗಿ ಕೂರದ ಆಯಿಲ್ ಡಿಪ್‌ಸ್ಟಿಕ್ ಕೂಡ. ಬೇಸ್‌ಮೆಂಟ್ ಪಾರ್ಕಿಂಗ್ ಆದ್ರೆ ಇಲಿನೂ ಲಿಸ್ಟಿಗೆ ಸೇರಿಸ್ಕೊಳ್ಳಿ, ನಮ್ಮ ಅಪಾರ್ಟ್‌ಮೆಂಟಲ್ಲಿ ಒಬ್ರ ಗಾಡಿಲಿ ಎರಡು ಪೈಪ್ ಕಡಿದು ಬಾನೆಟ್ ಒಳಗೆ ಬಾಳೆಹಣ್ಣಿನ ಸಿಪ್ಪೆ ಬೇರೆ ತಂದಿಟ್ಟಿತ್ತು. ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆದು ಎಲ್ಲಿ ಹೊಡೆದಾಗ ಆರ್‌ಪಿಎಂ ಬದಲಾಗುತ್ತೆ ಅಂತ ನೋಡೋ ಹಳೇ ವಿಧಾನ ಇದೆ, ಕೆಲಸ ಮಾಡುತ್ತೆ, ಆದ್ರೆ ಬಿಸಿ ಎಕ್ಸಾಸ್ಟ್ ಮೇಲೆ ಬಿದ್ರೆ ಬೆಂಕಿ ಹತ್ತುತ್ತೆ, ನಾನಂತೂ ಮಾಡಲ್ಲ, ನಿಮಗೂ ಮಾಡಿ ಅನ್ನಲ್ಲ. ಸ್ಮೋಕ್ ಮೆಷಿನ್ ಇರೋ ಗ್ಯಾರೇಜ್ ಸಿಕ್ಕಿದ್ರೆ ಅದಕ್ಕಿಂತ ಒಳ್ಳೇದಿಲ್ಲ, ಇಂಜಿನ್ ಆಫ್ ಇರೋವಾಗ ಇಂಟೇಕ್ ಒಳಗೆ ಹೊಗೆ ತುಂಬ್ತಾರೆ, ಎಲ್ಲಿ ಸೀಳಿದೆಯೋ ಅಲ್ಲಿಂದ ಊದುಬತ್ತಿ ತರ ಹೊಗೆ ಎದ್ದು ಬರುತ್ತೆ.

ನಾನು ಮಾಡಿದ್ದು ಪಿಂಚ್ ಟೆಸ್ಟ್. ಇಂಜಿನ್ ಐಡಲ್‌ನಲ್ಲಿ, ಮೊಬೈಲನ್ನ ವಿಂಡ್‌ಶೀಲ್ಡ್ ಹತ್ರ ಒರಗಿಸಿಟ್ಟು ಶಾರ್ಟ್ ಟ್ರಿಮ್ ತೆರೆದು, ಇಕ್ಕಳದ ಮೂತಿಗೆ ಬಟ್ಟೆ ಸುತ್ತಿ, ಒಂದೊಂದೇ ರಬ್ಬರ್ ಪೈಪನ್ನ ಮೆತ್ತಗೆ ಅಮುಕ್ತಾ ಹೋದೆ. ಬೂಸ್ಟರ್ ಪೈಪು, ಏನಿಲ್ಲ. ಪರ್ಜ್ ಪೈಪು, ಏನಿಲ್ಲ. ಪಿಸಿವಿ ಪೈಪ್ ಮ್ಯಾನಿಫೋಲ್ಡ್ ಕಡೆ ಅಮುಕಿದ ತಕ್ಷಣ ಶಾರ್ಟ್ ಟ್ರಿಮ್ ಪ್ಲಸ್ 6ರಿಂದ ಸೊನ್ನೆ, ಮೈನಸ್ 5, ಮೈನಸ್ 12 ಅಂತ ಜಾರ್ಕೊಂಡು ಹೋಯ್ತು, ಇಂಜಿನ್ ಸದ್ದೇ ಬದಲಾಯ್ತು. ಸುಸ್ಥಿತಿಲಿರೋ ಪಿಸಿವಿ ಪೈಪ್ ಅಮುಕಿದ್ರೂ ಸ್ವಲ್ಪ ಬದಲಾಗುತ್ತೆ, ಆದ್ರೆ ಇಷ್ಟೊಂದಲ್ಲ. ಪೈಪ್ ಬಿಚ್ಚಿ ಕೈಗೆ ತಗೊಂಡೆ, ಮೇಲಿಂದ ನೋಡಿದ್ರೆ ಹೊಸದರ ತರಾನೇ ಇದೆ. ಎಣ್ಣೆ ಕುಡಿದು ಕುಡಿದು ಮೊಣಕೈ ತರ ಬಾಗಿರೋ ಜಾಗದ ರಬ್ಬರ್ ಹಳೇ ಹಲ್ವ ತರ ಮೆತ್ತಗಾಗಿತ್ತು, ಒಳಮೈ ಕಡೆ ಬೆರಳಿಟ್ಟು ನಿಧಾನಕ್ಕೆ ಬಗ್ಗಿಸ್ದೆ, ಎರಡು ಸೆಂಟಿಮೀಟರ್ ಉದ್ದದ ಬಾಯಿ ತೆರೀತು. ಬಿಟ್ರೆ ಮುಚ್ಕೊಳ್ತಿತ್ತು, ಕಣ್ಣಿಗೆ ಕಾಣ್ತಾನೇ ಇರಲಿಲ್ಲ. ಜೆಸಿ ರೋಡಲ್ಲಿ ಎರಡು ಅಂಗಡಿ ಅಲೆದು ಮೂರನೇದ್ರಲ್ಲಿ ಸಿಕ್ತು, 240 ರೂಪಾಯಿ.

ಐಡಲ್‌ನಲ್ಲಿ ಟ್ರಿಮ್ ಚೆನ್ನಾಗಿದ್ದು ಲೋಡ್ ಬಿದ್ದಾಗ ಪ್ಲಸ್ ಏರಿದ್ರೆ ಕಥೆ ಉಲ್ಟಾ. ಗಾಳಿ ಸರಿಯಿದೆ, ಪೆಟ್ರೋಲ್ ಸಾಲ್ತಿಲ್ಲ. ಪಂಪ್ ಸೋತಿರುತ್ತೆ, ಇಲ್ಲಾ ಫಿಲ್ಟರ್ ಕಟ್ಟಿರುತ್ತೆ, ಇಲ್ಲಾ ಇಂಜೆಕ್ಟರ್ ಕಟ್ಟಿರುತ್ತೆ. ಐಡಲ್‌ಗೆ ಬೇಕಾಗೋ ಚೂರು ಪೆಟ್ರೋಲ್ ಮುದಿ ಪಂಪೂ ಕೊಡುತ್ತೆ, ನಂದಿ ಬೆಟ್ಟದ ತಿರುವಲ್ಲಿ ಮೂರನೇ ಗೇರಲ್ಲಿ ಎಳೆಸಿದಾಗ ಬಣ್ಣ ಬಯಲಾಗುತ್ತೆ. ಪಕ್ಕದಲ್ಲಿ ಯಾರನ್ನಾದ್ರೂ ಕೂರಿಸ್ಕೊಂಡು ಅವರ ಕೈಗೆ ಮೊಬೈಲ್ ಕೊಡಿ, ಅರ್ಧ ಆಕ್ಸಿಲರೇಟರಲ್ಲಿ ಹತ್ತಿಸಿ ಟ್ರಿಮ್ ಹೇಳೋಕೆ ಹೇಳಿ, ಪೂರ್ತಿ ತುಳಿದ್ರೆ ಬಹಳಷ್ಟು ಗಾಡಿಲಿ ಈಸಿಯು ಓ2 ಸೆನ್ಸಾರ್ ಮಾತು ಕೇಳೋದೇ ನಿಲ್ಲಿಸುತ್ತೆ, ಆ ಟ್ರಿಮ್ಮಿಗೆ ಅರ್ಥ ಇಲ್ಲ. ಅನುಮಾನ ಬಂದ್ರೆ ಪ್ರೆಷರ್ ಗೇಜ್ ಹಾಕಿಸಿ, ಸಾಮಾನ್ಯ ಪೋರ್ಟ್ ಇಂಜೆಕ್ಷನ್ ಗಾಡಿಗೆ 3ರಿಂದ 4 ಬಾರ್ ಇರುತ್ತೆ, ನಿಮ್ಮ ಮಾಡೆಲ್‌ನ ಸರಿಯಾದ ನಂಬರ್ ಸರ್ವಿಸ್ ಮ್ಯಾನುಯಲ್‌ನಲ್ಲಿ ಸಿಗುತ್ತೆ. ಸದಾ ರಿಸರ್ವಲ್ಲೇ ಓಡ್ಸೋರಿಗೆ ಒಂದು ಮಾತು, ಟ್ಯಾಂಕ್ ಒಳಗಿನ ಪಂಪನ್ನ ತಣ್ಣಗಿಡೋದೇ ಅದರ ಸುತ್ತ ಇರೋ ಪೆಟ್ರೋಲು.

ಐಡಲ್‌ನಲ್ಲೂ ಲೋಡಲ್ಲೂ ಪ್ಲಸ್ ಇದ್ದು ಆರ್‌ಪಿಎಂ ಏರಿದಂಗೆ ಇನ್ನಷ್ಟು ಏರಿದ್ರೆ ಮಾಫ್ ಮೇಲೂ ಕಣ್ಣಿಡಿ. ಅದರೊಳಗೆ ಬಿಸಿಯಾಗಿರೋ ಕೂದಲೆಳೆ ತಂತಿನೋ ಫಿಲ್ಮೋ ಇರುತ್ತೆ, ಗಾಳಿ ಎಷ್ಟು ತಣ್ಣಗೆ ಮಾಡ್ತು ಅನ್ನೋದರ ಮೇಲೆ ಗಾಳಿ ಲೆಕ್ಕ. ಅದರ ಮೇಲೆ ಧೂಳು ಕೂತ್ರೆ ಗಾಳಿ ಕಮ್ಮಿ ಅಂತ ತಿಳ್ಕೊಂಡು ಪೆಟ್ರೋಲೂ ಕಮ್ಮಿ ಕೊಡುತ್ತೆ. ಮೆಟ್ರೋ ಕಾಮಗಾರಿ ಪಕ್ಕ ದಿನಾ ಓಡಾಡೋರು, ಎಣ್ಣೆ ಹಚ್ಚೋ ತರದ ಸ್ಪೋರ್ಟ್ಸ್ ಫಿಲ್ಟರ್ ಹಾಕ್ಸಿರೋರು ಒಮ್ಮೆ ನೋಡಿ. ಮಾಫ್‌ಗೆ ಅಂತಾನೇ ಇರೋ ಕ್ಲೀನರ್ ಸ್ಪ್ರೇ ಬಿಟ್ಟು ಬೇರೇನೂ ಬೇಡ, ಬೆರಳು, ಇಯರ್‌ಬಡ್, ಬ್ರೇಕ್ ಕ್ಲೀನರ್ ಯಾವುದೂ ಬೇಡ. ಪೂರ್ತಿ ಒಣಗಿದ ಮೇಲೆನೇ ಹಾಕಿ.

ಗ್ಯಾರೇಜುಗಳಲ್ಲಿ ಕೇಳೋ ಎರಡು ಸಬೂಬು ಬಗ್ಗೆನೂ ಹೇಳಿಬಿಡ್ತೀನಿ. ಒಂದು, "ಬೆಂಗಳೂರು ಎತ್ತರದಲ್ಲಿದೆ ಸಾರ್, ಅದಕ್ಕೇ ಲೀನ್." ನಮ್ಮೂರು ಸಮುದ್ರ ಮಟ್ಟಕ್ಕಿಂತ ಸುಮಾರು 920 ಮೀಟರ್ ಮೇಲಿದೆ ನಿಜ, ಆದ್ರೆ ಎತ್ತರ ಹೋದಂಗೆ ಗಾಳಿ ತೆಳು ಆಗುತ್ತೆ, ಕಾರ್ಬುರೇಟರ್ ಕಾಲದಲ್ಲಿ ಅದರಿಂದ ಆಗ್ತಿದ್ದದ್ದು ರಿಚ್, ಲೀನ್ ಅಲ್ಲ. ಈಗಿನ ಗಾಡಿ ಅದನ್ನ ತಾನೇ ಸರಿದೂಗಿಸ್ಕೊಳ್ಳುತ್ತೆ. ಆದ್ರೆ ಈ ಎತ್ತರದಿಂದ ಒಂದು ಪುಕ್ಕಟೆ ಟೆಸ್ಟ್ ಸಿಗುತ್ತೆ, ಮ್ಯಾಪ್ ಸೆನ್ಸಾರ್ ಇರೋರು ಇಂಜಿನ್ ಸ್ಟಾರ್ಟ್ ಮಾಡ್ದೆ ಬರೀ ಇಗ್ನಿಷನ್ ಆನ್ ಮಾಡಿ ನೋಡಿ, ಬೆಂಗಳೂರಲ್ಲಿ 91 ಕಿಲೋಪ್ಯಾಸ್ಕಲ್ ಹತ್ರ ತೋರಿಸ್ಬೇಕು. 80 ತೋರಿಸಿದ್ರೆ ಸೆನ್ಸಾರ್ ಸುಳ್ಳು ಹೇಳ್ತಿದೆ, ಪೆಟ್ರೋಲ್ ಕಮ್ಮಿ ಬೀಳುತ್ತೆ. 101 ಬಂದ್ರೆ ನೀವು ಮಂಗಳೂರಲ್ಲಿದೀರ ಅಂತ ಅದು ಅಂದ್ಕೊಂಡಿದೆ.

ಎರಡನೇ ಸಬೂಬು ಇ20, ಅಂದ್ರೆ 20 ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲ್. ಇದರಲ್ಲಿ ಅರ್ಧ ಸತ್ಯ ಇದೆ. 2023ರ ಫೆಬ್ರವರಿ 6ರಂದು ಇದೇ ಬೆಂಗಳೂರಲ್ಲಿ ಇಂಡಿಯಾ ಎನರ್ಜಿ ವೀಕ್ ವೇದಿಕೆಯಿಂದ ಪ್ರಧಾನಿ ಮೋದಿ ಇ20 ಪೆಟ್ರೋಲಿಗೆ ಚಾಲನೆ ಕೊಟ್ರು, ಮೊದಲು 11 ರಾಜ್ಯ, ಕೇಂದ್ರಾಡಳಿತ ಪ್ರದೇಶಗಳ 84 ಬಂಕಲ್ಲಿ ಇದ್ದಿದ್ದು ಆಮೇಲೆ ಎಲ್ಲಾ ಕಡೆ ಬಂತು. ಎಥನಾಲ್ ಅಣುವಿನಲ್ಲೇ ಆಮ್ಲಜನಕ ಇದೆ, ಹಂಗಾಗಿ ಅದಕ್ಕೆ ಕೆಜಿಗೆ 9 ಕೆಜಿ ಗಾಳಿ ಸಾಕು, ಇ20 ಮಿಶ್ರಣಕ್ಕೆ ಲೆಕ್ಕ ಹಾಕಿದ್ರೆ 14.7ರ ಬದಲು 13.5 ಬರುತ್ತೆ. ಇಂಜೆಕ್ಟರ್ ಲೆಕ್ಕ ವಾಲ್ಯೂಮ್‌ನಲ್ಲಿ ಆಗೋದ್ರಿಂದ ಶುದ್ಧ ಪೆಟ್ರೋಲಿಗಿಂತ ಸುಮಾರು ಏಳು ಪರ್ಸೆಂಟ್, ಇ10ಗಿಂತ ನಾಲ್ಕು ಪರ್ಸೆಂಟ್ ಹತ್ರ ಜಾಸ್ತಿ ಸುರೀಬೇಕು. ಹಳೇ ಗಾಡಿಲಿ ಇದು ಟ್ರಿಮ್‌ನಲ್ಲಿ ಪ್ಲಸ್ 4ರಿಂದ 7 ಅಂತ ಕಾಣುತ್ತೆ, ಎಲ್ಲಾ ಆರ್‌ಪಿಎಂನಲ್ಲೂ ಒಂದೇ ತರ. ಅದೊಂದೇ ಕೋಡ್ ಹಾಕಲ್ಲ. ಆದ್ರೆ 25ರ ಗಡಿಲಿ 6 ಮೊದಲೇ ಖರ್ಚಾಗಿರುತ್ತಲ್ಲ, ಮುಂಚೆ ಮುಚ್ಚಿಹೋಗ್ತಿದ್ದ ಸಣ್ಣ ಸೀಳು ಈಗ ಲೈಟ್ ಹತ್ತಿಸುತ್ತೆ.

ಪೈಪ್ ಹಾಕಿ ಕೋಡ್ ಅಳಿಸಿದ ಮೇಲೆ ನಾನು ಒಂದು ವಾರ ಆಫೀಸಿಗೆ ಹೋಗ್ತಾ ಬರ್ತಾ ನೋಡ್ತಿದ್ದೆ, ಅದೇ ಹೆಬ್ಬಾಳ, ಅದೇ ಜಾಮ್. ಲಾಂಗ್ ಟ್ರಿಮ್ ನಿಧಾನಕ್ಕೆ ಕಲಿತು ಐಡಲ್‌ನಲ್ಲೂ 2500ರಲ್ಲೂ ಪ್ಲಸ್ 5ಕ್ಕೆ ಬಂದು ನಿಂತಿದೆ, ಆ 5 ಇ20ದು ಅಂತ ನನ್ನ ಲೆಕ್ಕ, ಅದನ್ನ ಹಂಗೇ ಬಿಟ್ಟಿದೀನಿ. ಕಿತ್ತ ಹಳೇ ಓ2 ಸೆನ್ಸಾರ್ ಗ್ಯಾರೇಜಿಂದ ಇಸ್ಕೊಂಡು ಬಂದಿದ್ದೆ, ಒಂದಿನ ವಾಪಸ್ ಹಾಕಿ ನೋಡಿದೆ, 0.1ರಿಂದ 0.9 ವೋಲ್ಟ್‌ಗೆ ಚಕಚಕ ಆಡ್ತಿದೆ. ಈಗ ಹಳೇದೇ ಗಾಡಿಲಿದೆ, ಆರು ಸಾವಿರದ ಹೊಸದು ಬಟ್ಟೆಲಿ ಸುತ್ತಿ ಡಿಕ್ಕಿಲಿ ಸ್ಟೆಪ್ನಿ ಪಕ್ಕ ಬಿದ್ದಿದೆ.